ಕ್ಯಾಪ್ಸೂಲ್ ಅಂತರ್ದರ್ಶನ: ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗದು

ನಮ್ಮ ಪ್ರಾಚೀನ ಶಾಸ್ತ್ರಕಾರರು ಗ್ರಂಥವೊಂದನ್ನು ಆರಂಭಿಸುವಾಗ ಅನುಬಂಧ ಚತುಷ್ಟಯವೆಂಬ ನಾಲ್ಕು ಸಂಗತಿಗಳನ್ನು ಮೊದಲೇ ಸ್ಪಷ್ಟಪಡಿಸುತ್ತಿದ್ದರು. ಗ್ರಂಥದ ವಿಷಯವೇನು, ಅದರ ಪ್ರಯೋಜನವೇನು, ವಿಷಯಕ್ಕೂ ಗ್ರಂಥಕ್ಕೂ ಇರುವ ಸಂಬಂಧವೇನು, ಅದಕ್ಕೆ ಅಧಿಕಾರಿ ಯಾರು ಎಂಬುವೇ ಆ ನಾಲ್ಕು. ವಿದ್ವತ್ ತರಗತಿಯಲ್ಲಿ ಓದುತ್ತಿದ್ದಾಗ ಮೊದಲ ಮೂರು ನಮಗೆ ಬಹುಬೇಗ ಕಂಠಸ್ಥವಾಗುತ್ತಿದ್ದವು. ನಾಲ್ಕನೆಯದರ ಮೇಲೆ ಗುರುಗಳು ದಿನಗಟ್ಟಲೆ ನಿಲ್ಲುತ್ತಿದ್ದರು. ವಸ್ತು ಎಷ್ಟೇ ಶ್ರೇಷ್ಠವಾದರೂ ಅದು ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಸಲ್ಲುವುದಿಲ್ಲವೆಂಬ ವಿವೇಕವು ಅಧಿಕಾರಿವಿಚಾರದಲ್ಲಿ ಅಡಗಿದೆ. ಇಂದಿನ ವೈದ್ಯವಿಜ್ಞಾನದ ಒಂದು ಅದ್ಭುತ ಸಾಧನವನ್ನು ಈ ನಾಲ್ಕನೆಯ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಸಾಧನದ ಹೆಸರು ಕ್ಯಾಪ್ಸೂಲ್ ಎಂಡೊಸ್ಕೋಪಿ. ಗುಳಿಗೆಯಂತೆ ನುಂಗಬಹುದಾದ ಪುಟ್ಟ ಕ್ಯಾಮೆರಾದಿಂದ ಕರುಳಿನ ಒಳಭಾಗವನ್ನು ಕಾಣುವ ಪರೀಕ್ಷೆ ಇದು.

ಕನ್ನಡ ಪಂಡಿತನಿಗೆ ಈ ವಿಷಯ ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ನಮ್ಮ ಶಾಲೆಯಲ್ಲಿಯೇ ಓದಿ ಈಗ ಜಠರ ಮತ್ತು ಕರುಳಿನ ರೋಗಗಳ ತಜ್ಞರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು, ಈ ಪರೀಕ್ಷೆಗೆ ಬರುವ ರೋಗಿಗಳ ಕೈಗೆ ಕೊಡುವ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿ ಬರೆದುಕೊಡಬೇಕೆಂದು ನನ್ನನ್ನು ಕೇಳಿಕೊಂಡರು. ಅವರು ವಿವರಿಸಿದರು, ನಾನು ಬರೆದೆ, ಅವರು ತಿದ್ದಿದರು. ಹೀಗೆ ಹಲವು ಭಾನುವಾರಗಳು ಕಳೆದವು. ಮೊದಲನೆಯ ತೊಡಕು ಪತ್ರದ ತಲೆಬರಹದಲ್ಲಿಯೇ ಎದುರಾಯಿತು. ಯಾವ ರೋಗಿಗೆ ಈ ಪರೀಕ್ಷೆ ತಕ್ಕುದು ಎಂಬುದಕ್ಕೆ 'ಯೋಗ್ಯತೆ' ಎಂದು ಬರೆಯೋಣವೆಂದರೆ, ತಕ್ಕುದಲ್ಲದವರನ್ನು 'ಅಯೋಗ್ಯರು' ಎನ್ನಬೇಕಾಗುತ್ತದೆ. ಕನ್ನಡದಲ್ಲಿ ಅದು ಬೈಗುಳ! 'ಅನರ್ಹರು' ಎಂದರೆ ಚುನಾವಣೆಯ ವಾಸನೆ ಬರುತ್ತದೆ. ಕೊನೆಗೆ ಕೈಹಿಡಿದದ್ದು ನಮ್ಮ ಮನೆಗಳ ಮಾತೇ. 'ಈ ಔಷಧ ನನಗೆ ಒಗ್ಗಲಿಲ್ಲ' ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅದರಲ್ಲಿ ರೋಗಿಯ ದೋಷವೂ ಇಲ್ಲ, ಔಷಧದ ದೋಷವೂ ಇಲ್ಲ. ಆಯುರ್ವೇದದವರು 'ಸಾತ್ಮ್ಯ' ಎನ್ನುವುದು ಹೆಚ್ಚುಕಡಮೆ ಇದನ್ನೇ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಚಿಕಿತ್ಸೆಗೆ ಮುನ್ನ ರೋಗಿಯನ್ನು ಹತ್ತು ಬಗೆಯಲ್ಲಿ ಪರೀಕ್ಷಿಸಬೇಕೆಂದು ಹೇಳಿದೆ; ಆ ದಶವಿಧ ಪರೀಕ್ಷೆಯಲ್ಲಿ ಸಾತ್ಮ್ಯವೂ ಒಂದು.

ಇನ್ನು ವಿಷಯಕ್ಕೆ ಬರೋಣ. ಬಾಯಿಯಿಂದ ನಳಿಗೆ ಇಳಿಸಿ ನೋಡುವ ಎಂಡೊಸ್ಕೋಪಿಯು ಅನ್ನನಾಳ, ಜಠರಗಳನ್ನು ದಾಟಿ ಸಣ್ಣ ಕರುಳಿನ ಆರಂಭದ ಭಾಗದವರೆಗೆ ಮಾತ್ರ ತಲಪುತ್ತದೆ. ಗುದದ್ವಾರದಿಂದ ಒಳಹೋಗುವ ಕೊಲೊನೋಸ್ಕೋಪಿಯು ದೊಡ್ಡ ಕರುಳನ್ನೆಲ್ಲ ನೋಡಿ, ಸಣ್ಣ ಕರುಳಿನ ಕೊನೆಯ ಕೆಲವು ಅಂಗುಲಗಳನ್ನು ಇಣುಕಿ ಹಿಂದಿರುಗುತ್ತದೆ. ಇವೆರಡರ ನಡುವೆ ಹಲವು ಮೀಟರುಗಳಷ್ಟು ಉದ್ದಕ್ಕೆ ಸುರುಳಿಸುರುಳಿಯಾಗಿ ಮಡಿಸಿಕೊಂಡಿರುವ ಸಣ್ಣ ಕರುಳು ಬಹುಕಾಲ ವೈದ್ಯರ ಕಣ್ಣಿಗೆ ಕತ್ತಲೆಯ ನಾಡಾಗಿಯೇ ಉಳಿದಿತ್ತು. ಜೀರ್ಣಾಂಗದಲ್ಲಾಗುವ ರಕ್ತಸ್ರಾವಗಳಲ್ಲಿ ನೂರಕ್ಕೆ ಸುಮಾರು ಐದರಿಂದ ಹತ್ತರಷ್ಟು ಈ ಭಾಗದಿಂದಲೇ ಆಗುತ್ತವೆ.

ಈ ಕತ್ತಲೆಯೊಳಗೆ ದೀಪ ಹಿಡಿದವನು ವೈದ್ಯನಲ್ಲ, ಒಬ್ಬ ಎಂಜಿನಿಯರ್. ಇಸ್ರೇಲಿನ ಗವ್ರಿಯೆಲ್ ಇಡ್ಡಾನ್ ಎಂಬಾತ ಆ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ಕ್ಷಿಪಣಿಗಳ ಕಣ್ಣುಗಳನ್ನು ನಿರ್ಮಿಸುವ ಕಾರ್ಯದಲ್ಲಿದ್ದವನು. ೧೯೮೧ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿದ್ದಾಗ, ಈತಾನ್ ಸ್ಕಾಪಾ ಎಂಬ ಕರುಳಿನ ತಜ್ಞನು ಸಣ್ಣ ಕರುಳನ್ನು ನೋಡಲು ತನಗಿರುವ ಅಸಹಾಯಕತೆಯನ್ನು ಅವನಲ್ಲಿ ಹೇಳಿಕೊಂಡನು. ಗುರಿಯನ್ನು ಅರಸಿ ಹಾರುವ ಕಣ್ಣನ್ನು ಮಾಡಬಹುದಾದರೆ ಕರುಳಿನಲ್ಲಿ ಇಳಿಯುವ ಕಣ್ಣನ್ನೇಕೆ ಮಾಡಬಾರದು ಎಂಬ ಆಲೋಚನೆ ಇಡ್ಡಾನನಲ್ಲಿ ಮೊಳೆಯಿತು. ಇಂಗ್ಲೆಂಡಿನಲ್ಲಿ ಪಾಲ್ ಸ್ವೇನ್ ಎಂಬ ವೈದ್ಯನೂ ಪ್ರತ್ಯೇಕವಾಗಿ ಇದೇ ದಾರಿಯಲ್ಲಿದ್ದನು. ಇಬ್ಬರೂ ಕೂಡಿದರು. ೧೯೯೯ರಲ್ಲಿ ಸ್ವೇನನು ತಾನೇ ಆ ಕ್ಯಾಪ್ಸೂಲನ್ನು ನುಂಗಿ ನೋಡಿದನು; ೨೦೦೦ದಲ್ಲಿ 'ನೇಚರ್' ಪತ್ರಿಕೆಯಲ್ಲಿ ವೃತ್ತಾಂತ ಪ್ರಕಟವಾಯಿತು; ೨೦೦೧ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅನುಮತಿಯನ್ನಿತ್ತಿತು. ಕೊಲ್ಲುವ ಅಸ್ತ್ರದಿಂದ ಹುಟ್ಟಿದ ವಿದ್ಯೆಯು ಕಾಯುವ ವಿದ್ಯೆಯಾದುದನ್ನು ನಮ್ಮ ವಿಜ್ಞಾನ ವಿದ್ಯಾರ್ಥಿಗಳು ಗಮನಿಸಬೇಕು.

ಸಣ್ಣ ಕರುಳಿಗಾಗಿ ಮಾಡಿದ ಕ್ಯಾಪ್ಸೂಲಿನ ಉದ್ದ ಸುಮಾರು ೨೬ ಮಿಲಿಮೀಟರ್, ದಪ್ಪ ೧೧ ಮಿಲಿಮೀಟರ್, ತೂಕ ನಾಲ್ಕು ಗ್ರಾಮಿಗಿಂತ ಕಡಿಮೆ. ಎರಡು ಬೀಜದ ಶೇಂಗಾಕಾಯಿಯನ್ನು ಕಣ್ಣಮುಂದೆ ತಂದುಕೊಂಡರೆ ಗಾತ್ರದ ಅಂದಾಜು ಸಿಗುತ್ತದೆ. ಅಷ್ಟರೊಳಗೆ ಪುಟ್ಟ ದೀಪಗಳು, ಮಸೂರ, ಚಿತ್ರಗ್ರಾಹಕ, ಗುಂಡಿಯಂತಹ ಬ್ಯಾಟರಿಗಳು, ರೇಡಿಯೋ ಪ್ರೇಷಕ ಇಷ್ಟೂ ಅಡಕವಾಗಿವೆ. ಮೊದಲ ಕ್ಯಾಪ್ಸೂಲುಗಳು ಸೆಕೆಂಡಿಗೆ ಎರಡು ಚಿತ್ರಗಳಂತೆ ಎಂಟು ಗಂಟೆಗಳ ಕಾಲ ತೆಗೆಯುತ್ತಿದ್ದವು. ಗುಣಿಸಿ ನೋಡಿದರೆ ೫೭,೬೦೦ ಚಿತ್ರಗಳು. ಈಗಿನವು ಹನ್ನೆರಡು ಗಂಟೆಗಳವರೆಗೂ ಕೆಲಸಮಾಡುತ್ತವೆ. ಚಿತ್ರಗಳು ರೋಗಿಯ ಹೊಟ್ಟೆಯ ಮೇಲೆ ಅಂಟಿಸಿದ ಅಥವಾ ಪಟ್ಟಿಯಲ್ಲಿ ಕಟ್ಟಿದ ಗ್ರಾಹಕಗಳ ಮೂಲಕ ಸೊಂಟದಲ್ಲಿರುವ ಪೆಟ್ಟಿಗೆಗೆ ಸೇರುತ್ತವೆ. ಇದನ್ನು ತಳ್ಳುವ ಯಂತ್ರವೇನೂ ಇಲ್ಲ. ತಿಂದ ಅನ್ನವನ್ನು ಮುಂದೆ ಸಾಗಿಸುವ ಕರುಳಿನ ಸಹಜ ಚಲನೆಯೇ ಇದನ್ನೂ ಸಾಗಿಸುತ್ತದೆ. ಸಾಮಾನ್ಯ ಔಷಧದ ಕ್ಯಾಪ್ಸೂಲಿನ ಹೊದಿಕೆ ಹೊಟ್ಟೆಯಲ್ಲಿ ಕರಗಿಹೋಗುತ್ತದೆ. ಇದರ ಹೊದಿಕೆ ಕರಗದ ಪ್ಲಾಸ್ಟಿಕ್ಕಿನದು. ಒಳಗೆ ಹೋದದ್ದು ಇಡಿಯಾಗಿಯೇ ಹೊರಗೆ ಬರಬೇಕು. ಈ ಒಂದು ವಾಕ್ಯವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಬಹುಪಾಲು ತಾವಾಗಿಯೇ ಅರ್ಥವಾಗುತ್ತವೆ.

ಯಾರಿಗೆ ಇದು ಬೇಕಾಗುತ್ತದೆ? ಮುಖ್ಯವಾಗಿ, ಮೇಲಿನಿಂದ ನೋಡಿದ್ದಾಗಿದೆ, ಕೆಳಗಿನಿಂದ ನೋಡಿದ್ದಾಗಿದೆ, ಎಲ್ಲಿಯೂ ಕಾರಣ ಸಿಕ್ಕಿಲ್ಲ, ಆದರೂ ರಕ್ತ ಹೋಗುತ್ತಲೇ ಇದೆ ಎಂಬಂತಹ ರೋಗಿಗೆ. ಮಲ ಡಾಂಬರಿನಂತೆ ಕಪ್ಪಾಗಿ ಹೋಗುವುದುಂಟು. ಕಣ್ಣಿಗೆ ಕಾಣದಷ್ಟು ಅಲ್ಪವಾಗಿ ತಿಂಗಳುಗಟ್ಟಲೆ ಸೋರುವುದೂ ಉಂಟು. ಕಬ್ಬಿಣಾಂಶದ ಗುಳಿಗೆ ನುಂಗಿದರೂ ರಕ್ತ ಏರದು; ರಕ್ತ ಹಾಕಿಸಿದರೆ ಏರಿ ಮತ್ತೆ ಇಳಿಯುತ್ತದೆ. ರಕ್ತ ಕಣ್ಣಿಗೆ ಕಾಣುವಂತೆ ಹೋಗುತ್ತಿರುವಾಗ ಈ ಪರೀಕ್ಷೆಯನ್ನು ಬೇಗ ಮಾಡಿದಷ್ಟೂ ಕಾರಣ ಸಿಕ್ಕುವ ಸಂಭವ ಹೆಚ್ಚು. ಸಾಧ್ಯವಾದರೆ ನಲವತ್ತೆಂಟು ಗಂಟೆಗಳೊಳಗೆ ಎಂಬುದು ಇಂದಿನ ತಜ್ಞರ ಮಾತು. ಸಣ್ಣ ಕರುಳಿನ ಕ್ರೋನ್ಸ್ ರೋಗವೆಂಬ ಉರಿಯೂತದ ಶಂಕೆ, ಗಂತಿಗಳ ಶಂಕೆ, ವಂಶಾನುಗತವಾಗಿ ಕರುಳಿನಲ್ಲಿ ಮಾಂಸದ ಗುಳ್ಳೆಗಳು ಬೆಳೆಯುವ ಕೆಲವು ರೋಗಗಳು, ಇವುಗಳಲ್ಲಿಯೂ ಉಪಯೋಗವುಂಟು. ಬರಿಯ ಹೊಟ್ಟೆನೋವಿಗೆ, ಬೇರೆ ಯಾವ ಲಕ್ಷಣವೂ ಇಲ್ಲದಿರುವಾಗ, ಇದರಿಂದ ಏನಾದರೂ ತಿಳಿದುಬರುವುದು ಅಪರೂಪ. 'ಸ್ಕ್ಯಾನ್ ಆಯಿತು, ಇದೊಂದನ್ನೂ ಮಾಡಿಬಿಡಿ' ಎಂದು ವೈದ್ಯರನ್ನು ಒತ್ತಾಯಿಸುವವರಿದ್ದಾರಂತೆ. ಅಗ್ಗದ ಪರೀಕ್ಷೆಯೇನೂ ಅಲ್ಲವಾದುದರಿಂದ ಆ ಉತ್ಸಾಹಕ್ಕೆ ಸ್ವಲ್ಪ ಕಡಿವಾಣವಿದ್ದರೆ ಒಳಿತು.

ಈಗ ಲೇಖನದ ನಡುಭಾಗಕ್ಕೆ ಬಂದೆವು. ನುಂಗುವುದು ಸುಲಭ; ಪ್ರಶ್ನೆ ಇರುವುದು ಹೊರಬರುವುದರಲ್ಲಿ. ಹಾದಿಯಲ್ಲಿ ಎಲ್ಲಿಯಾದರೂ ಕರುಳು ಹನ್ನೊಂದು ಮಿಲಿಮೀಟರಿಗಿಂತ ಕಿರಿದಾಗಿದ್ದರೆ ಕ್ಯಾಪ್ಸೂಲು ಅಲ್ಲಿಯೇ ನಿಲ್ಲುತ್ತದೆ. ನುಂಗಿದ ಹದಿನಾಲ್ಕು ದಿನಗಳಾದರೂ ಜೀರ್ಣಮಾರ್ಗದಲ್ಲಿಯೇ ಇದ್ದರೆ, ಅಥವಾ ಅದನ್ನು ಹೊರತೆಗೆಯಲು ಚಿಕಿತ್ಸೆ ಬೇಕಾದರೆ, ಕ್ಯಾಪ್ಸೂಲು ಒಳಗೆ ಉಳಿದಿದೆಯೆಂದು ವೈದ್ಯರು ನಿರ್ಣಯಿಸುತ್ತಾರೆ. ಇದಕ್ಕೆ 'ತಂಗುವುದು' ಎಂಬ ಮಾತು ನನಗೆ ಮೊದಲು ಹೊಳೆದಿತ್ತು. ಆದರೆ ತಂಗುವವನು ಬೆಳಗಾದರೆ ಎದ್ದುಹೋಗುತ್ತಾನೆ, ಇದು ಹೋಗುವುದಿಲ್ಲವೆಂದು ನನ್ನ ಶಿಷ್ಯರೇ ಆಕ್ಷೇಪಿಸಿದರು. ಪತ್ರದಲ್ಲಿ 'ಒಳಗೇ ಉಳಿದುಬಿಡುವುದು' ಎಂದು ಬರೆದೆವು. ೨೦೧೭ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಯಂತೆ, ರಕ್ತಸ್ರಾವದ ಶಂಕೆಯಿಂದ ಪರೀಕ್ಷೆಗೊಳಗಾದವರಲ್ಲಿ ನೂರಕ್ಕೆ ಸುಮಾರು ಇಬ್ಬರಲ್ಲಿ ಹೀಗಾಗುತ್ತದೆ. ಕರುಳಿನ ಉರಿಯೂತ ರೋಗವಿದೆಯೆಂದು ಮೊದಲೇ ಖಚಿತವಾಗಿರುವವರಲ್ಲಿ ನೂರಕ್ಕೆ ಸುಮಾರು ಎಂಟು. ಮುಂಚಿತವಾಗಿ ದಾರಿಯನ್ನು ಪರೀಕ್ಷಿಸಿ ಮುಂದುವರಿಯುವ ಕಡೆಗಳಲ್ಲಿ ಈ ಸಂಖ್ಯೆ ಇಳಿಯುತ್ತದೆ.

ಹೀಗೆ ಉಳಿದುಬಿಟ್ಟ ಕ್ಯಾಪ್ಸೂಲು ಅನೇಕ ವೇಳೆ ನೋವನ್ನೇ ಕೊಡುವುದಿಲ್ಲ. ಕಿರಿದಾದ ಎಡೆಯ ಮೇಲ್ಭಾಗದಲ್ಲಿ ಸುಮ್ಮನೆ ಕುಳಿತಿರುತ್ತದೆ. ಅದು ಕುಳಿತ ಸ್ಥಳವೇ ರೋಗದ ನೆಲೆಯನ್ನು ತೋರಿಸಿಕೊಟ್ಟ ಪ್ರಸಂಗಗಳೂ ಉಂಟು. ಉರಿಯೂತಕ್ಕೆ ಔಷಧ ಕೊಟ್ಟಾಗ ಊತ ಇಳಿದು ತಾನಾಗಿ ಹೊರಬಂದುದುಂಟು. ಉದ್ದ ನಳಿಗೆಯ ವಿಶೇಷ ಎಂಡೊಸ್ಕೋಪಿಯಿಂದ ಹಿಡಿದು ತೆಗೆದುದುಂಟು. ಇವೆರಡೂ ಫಲಿಸದಿದ್ದಾಗ ಶಸ್ತ್ರಚಿಕಿತ್ಸೆ. ಅಪರೂಪವಾಗಿ ಕರುಳು ಪೂರ್ಣವಾಗಿ ಕಟ್ಟಿಕೊಂಡು ಅಥವಾ ತೂತಾಗಿ ತುರ್ತು ಶಸ್ತ್ರಚಿಕಿತ್ಸೆ ಬೇಕಾದುದೂ ಉಂಟು. ಕರುಳು ಕಟ್ಟುವುದನ್ನು ನಮ್ಮ ಪ್ರಾಚೀನ ವೈದ್ಯರು ಬದ್ಧಗುದೋದರವೆಂದು ಎಂಟು ಉದರರೋಗಗಳಲ್ಲಿ ಒಂದನ್ನಾಗಿ ಎಣಿಸಿ, ಅದರ ಭೀಕರತೆಯನ್ನು ಬಲ್ಲವರಾಗಿದ್ದರು. ಆದಕಾರಣ ಶಸ್ತ್ರಚಿಕಿತ್ಸೆಯನ್ನು ತಾಳಲಾರದ ದುರ್ಬಲರಿಗೂ, ಯಾವ ಕಾರಣಕ್ಕೂ ಶಸ್ತ್ರಚಿಕಿತ್ಸೆ ಬೇಡವೆಂದು ನಿಶ್ಚಯಿಸಿದವರಿಗೂ ಈ ಕ್ಯಾಪ್ಸೂಲನ್ನು ಕೊಡುವ ಮುನ್ನ ವೈದ್ಯರು ಎರಡು ಬಾರಿ ಯೋಚಿಸುತ್ತಾರೆ. ಸಮ್ಮತಿ ಪತ್ರಕ್ಕೆ ಸಹಿ ಹಾಕುವಾಗ ಈ ಸಾಲನ್ನು ಓದದೆ ದಾಟಬಾರದು.

ಕರುಳು ಕಿರಿದಾಗುವುದಕ್ಕೆ ಕಾರಣಗಳು ಹಲವು. ಪಾಶ್ಚಾತ್ಯ ದೇಶಗಳ ಗ್ರಂಥಗಳಲ್ಲಿ ಕ್ರೋನ್ಸ್ ರೋಗದ ಹೆಸರೇ ಮೊದಲು ಬರುತ್ತದೆ. ನಮ್ಮ ದೇಶದಲ್ಲಿ ಅದರ ಜೊತೆಗೆ ಇನ್ನೊಂದು ಹೆಸರನ್ನು ಸೇರಿಸಲೇಬೇಕು: ಕರುಳಿನ ಕ್ಷಯ. ಕ್ಷಯವು ಶ್ವಾಸಕೋಶಕ್ಕೆ ಮಾತ್ರ ಬರುವುದೆಂದು ಜನ ತಿಳಿದಿದ್ದಾರೆ. ಅದು ಕರುಳಿಗೂ, ವಿಶೇಷವಾಗಿ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಎಡೆಗೂ ತಗಲುತ್ತದೆ. ಔಷಧದಿಂದ ರೋಗ ಗುಣವಾದ ಮೇಲೂ ಹುಣ್ಣು ಮಾಗಿದ ಜಾಗದಲ್ಲಿ ಗಾಯದ ಗುರುತು ಉಳಿದು ಕರುಳು ಉಂಗುರ ತೊಡಿಸಿದಂತೆ ಬಿಗಿದುಕೊಳ್ಳಬಹುದು. ರೋಗ ಹೋಗಿ ಮೂವತ್ತು ವರ್ಷವಾದರೂ ಆ ಬಿಗಿತ ಹೋಗಿರಬೇಕೆಂದೇನೂ ಇಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಐವತ್ತೈದು ವರ್ಷದ ಗೃಹಿಣಿ. ಮೆಟ್ಟಿಲು ಹತ್ತಿದರೆ ಏದುಸಿರು, ರಕ್ತಹೀನತೆ. ಎರಡೂ ಕಡೆಯ ಎಂಡೊಸ್ಕೋಪಿ ಮಾಡಿದರೂ ಕಾರಣ ತಿಳಿಯಲಿಲ್ಲ. ಕ್ಯಾಪ್ಸೂಲು ನುಂಗಿಸಿ ನೋಡುವುದೆಂದು ವೈದ್ಯರು ಹೇಳುತ್ತಾರೆ. 'ಮೊದಲು ಏನಾದರೂ ದೊಡ್ಡ ಕಾಯಿಲೆಯಾಗಿತ್ತೇನಮ್ಮಾ?' ಎಂದು ಕೇಳಿದರೆ 'ಏನಿಲ್ಲರಿ' ಎಂಬ ಉತ್ತರ. ಮದುವೆಗೆ ಮುಂಚೆ, ತವರಿನಲ್ಲಿದ್ದಾಗ, ಹೊಟ್ಟೆಯ ಕ್ಷಯಕ್ಕೆ ತಿಂಗಳುಗಟ್ಟಲೆ ಗುಳಿಗೆ ನುಂಗಿದ್ದು ಆಕೆಯ ನೆನಪಿನಲ್ಲಿದೆ. ಆದರೆ ಪಕ್ಕದಲ್ಲಿ ಗಂಡನಿದ್ದಾನೆ, ಸೊಸೆಯಿದ್ದಾಳೆ. ಕ್ಷಯವೆಂಬ ಹೆಸರು ಹೊರಬಿದ್ದರೆ ಮಗಳ ಸಂಬಂಧ ತಪ್ಪೀತೆಂದು ತಾಯಿ ಅಂದು ಆಣೆ ಮಾಡಿಸಿದ್ದಳು. ಆ ಮಾತು ಮೂವತ್ತು ವರ್ಷಗಳಿಂದ ಹೊಸ್ತಿಲು ದಾಟಿಲ್ಲ. ಅಷ್ಟೇ ಅಲ್ಲ, ಮೊಣಕಾಲು ನೋವಿಗೆಂದು ಅಂಗಡಿಯಿಂದ ತರಿಸಿ ವರ್ಷಗಟ್ಟಲೆ ನುಂಗಿದ ನೋವಿನ ಗುಳಿಗೆಗಳನ್ನೂ ಆಕೆ 'ಔಷಧ'ವೆಂದು ಲೆಕ್ಕಕ್ಕಿಟ್ಟಿಲ್ಲ. ಆ ಗುಳಿಗೆಗಳು ಸಣ್ಣ ಕರುಳಿನಲ್ಲಿ ಹುಣ್ಣುಗಳನ್ನು ಮಾಡಬಲ್ಲವು. ರಕ್ತಹೀನತೆಗೆ ಅವೇ ಕಾರಣವಾಗಿರಬಹುದು. ಬಹುಕಾಲ ನುಂಗಿದವರಲ್ಲಿ ಕರುಳಿಗೆ ಅಡ್ಡಲಾಗಿ ತೆಳುವಾದ ಪರದೆಯಂತೆ ಬೆಳೆದು, ನಡುವೆ ಸಣ್ಣ ರಂಧ್ರವಷ್ಟೇ ಉಳಿಯುವಂತೆ ಮಾಡಬಲ್ಲವು. ಇಂತಹ ಪರದೆ ಸ್ಕ್ಯಾನಿನಲ್ಲಿಯೂ ಎಷ್ಟೋ ವೇಳೆ ಕಾಣುವುದಿಲ್ಲ. ಈ ಎರಡು ಮಾತುಗಳನ್ನು ಆಕೆ ವೈದ್ಯರ ಕಿವಿಗೆ ಹಾಕಿದರೆ ಪರೀಕ್ಷೆಯ ಕ್ರಮವೇ ಬದಲಾಗುತ್ತದೆ. ಹಾಕದಿದ್ದರೆ ಯಂತ್ರಕ್ಕೆ ಅದು ತಿಳಿಯುವ ಬಗೆಯಿಲ್ಲ. ಆದುದರಿಂದ ಇಂತಹ ಪ್ರಶ್ನೆಗಳನ್ನು ರೋಗಿಯೊಬ್ಬರನ್ನೇ ಕೂರಿಸಿಕೊಂಡು ಕೇಳುವುದು ಮೇಲು. ಮನೆಯವರು ಎರಡು ನಿಮಿಷ ಹೊರಗೆ ನಿಂತರೆ ನಷ್ಟವೇನಿಲ್ಲ. ಪತ್ರದ ಕರಡಿನಲ್ಲಿ ಈ ಒಂದು ಸಾಲನ್ನು ಸೇರಿಸಬೇಕೆಂದು ಹಟ ಹಿಡಿದವನು ನಾನು.

ಇವಲ್ಲದೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು, ಅರ್ಬುದ ರೋಗಕ್ಕಾಗಿ ಹೊಟ್ಟೆಯ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದವರು, ಊಟವಾದ ಮೇಲೆ ಹೊಟ್ಟೆ ಹಿಂಡಿದಂತಾಗಿ ಉಬ್ಬರಿಸಿ ವಾಂತಿಯಾದ ಮೇಲೆ ಸಮಾಧಾನ ಕಾಣುವವರು, ಇವರೆಲ್ಲರೂ ಅದನ್ನು ಮೊದಲೇ ತಿಳಿಸಬೇಕು. ಕರುಳಿನಲ್ಲಿ ತಡೆಯಿದೆಯೆಂದು ಗೊತ್ತಾಗಿರುವವರಿಗಂತೂ ಈ ಕ್ಯಾಪ್ಸೂಲು ಸರ್ವಥಾ ಸಲ್ಲದು.

ಶಂಕೆಯಿದ್ದರೆ ಏನು ಮಾಡಬೇಕು? ನಮ್ಮ ಊರುಗಳಲ್ಲಿ ತೇರು ಹೊರಡುವ ಮುನ್ನ ಬೀದಿಯನ್ನು ನೋಡಿಬರುವ ಪದ್ಧತಿಯಿದೆ. ಮೇಲೆ ತಂತಿ ಅಡ್ಡವಿದೆಯೇ, ಯಾರದಾದರೂ ಕಟ್ಟೆ ಮುಂದೆ ಚಾಚಿದೆಯೇ ಎಂದು ನೋಡಿಕೊಂಡ ಮೇಲೆಯೇ ಹಗ್ಗಕ್ಕೆ ಕೈಹಾಕುವುದು. ವೈದ್ಯರಲ್ಲಿಯೂ ಅಂತಹ ಉಪಾಯವೊಂದಿದೆ. ಪೇಟೆನ್ಸಿ ಕ್ಯಾಪ್ಸೂಲ್ ಎಂದು ಅದರ ಹೆಸರು. 'ದಾರಿ ನೋಡುವ ಗುಳಿಗೆ' ಎಂದು ನಾವು ಕನ್ನಡಿಸಿದೆವು. ಕ್ಯಾಮೆರಾ ಕ್ಯಾಪ್ಸೂಲಿನಷ್ಟೇ ಗಾತ್ರ. ಆದರೆ ಒಳಗೆ ಕ್ಯಾಮೆರಾ ಇಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್, ಎಕ್ಸ್-ರೇಯಲ್ಲಿ ಕಾಣುವ ಬೇರಿಯಂ, ಜೊತೆಗೆ ಹೊರಗಿನಿಂದ ಪತ್ತೆಹಚ್ಚಬಹುದಾದ ಒಂದು ಸೂಕ್ಷ್ಮ ರೇಡಿಯೋ ಗುರುತು. ನುಂಗಿದ ಸುಮಾರು ಮೂವತ್ತು ಗಂಟೆಗಳೊಳಗೆ ಅದು ಆಕಾರ ಕೆಡದೆ ಹೊರಬಂದರೆ, ಅಥವಾ ಅಷ್ಟರಲ್ಲಿ ಒಳಗಿಲ್ಲವೆಂದು ಯಂತ್ರ ತೋರಿಸಿದರೆ ದಾರಿ ಸುಗಮ. ಸಿಕ್ಕಿಕೊಂಡರೆ ಆ ಬಳಿಕ ತಾನಾಗಿ ಕರಗತೊಡಗುತ್ತದೆ. ಇದೂ ವಿರಳವಾಗಿ ಹೊಟ್ಟೆನೋವನ್ನೋ ತಾತ್ಕಾಲಿಕ ತಡೆಯನ್ನೋ ಉಂಟುಮಾಡಿರುವುದುಂಟು. ಎಲ್ಲ ಆಸ್ಪತ್ರೆಗಳಲ್ಲಿಯೂ ಇದು ದೊರೆಯುವುದಿಲ್ಲ. ದೊರೆಯದ ಕಡೆ ಕರುಳನ್ನು ದ್ರವದಿಂದ ತುಂಬಿಸಿ ತೆಗೆಯುವ ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರಗಳನ್ನು ಅವಲಂಬಿಸುತ್ತಾರೆ. ಅವುಗಳಲ್ಲಿ ದೋಷ ಕಾಣಲಿಲ್ಲವೆಂದ ಮಾತ್ರಕ್ಕೆ ಕ್ಯಾಪ್ಸೂಲು ಸಿಕ್ಕಿಕೊಳ್ಳುವುದೇ ಇಲ್ಲವೆಂಬ ಭರವಸೆಯಿಲ್ಲ.

ಕರುಳಿನ ಮಾತಾಯಿತು, ಗಂಟಲಿನದು ಇನ್ನೊಂದು. ಪಾರ್ಶ್ವವಾಯುವಿನಿಂದಲೋ ನರಗಳ ರೋಗದಿಂದಲೋ ನುಂಗುವ ಶಕ್ತಿ ಕುಂದಿದವರು, ನೀರು ಕುಡಿದರೂ ನೆತ್ತಿಗೇರಿಸಿಕೊಳ್ಳುವವರು ಕ್ಯಾಪ್ಸೂಲನ್ನು ನುಂಗಲು ಹೋದರೆ ಅದು ಅನ್ನನಾಳಕ್ಕೆ ಬದಲಾಗಿ ಶ್ವಾಸನಾಳಕ್ಕೆ ಇಳಿಯಬಹುದು. ಸಾವಿರಕ್ಕೆ ಒಬ್ಬರಲ್ಲಿ ಎನ್ನುವಷ್ಟು ಅಪರೂಪದ ಅಪಾಯವಿದು. ಆದರೆ ಒದಗಿದರೆ ಪ್ರಾಣಸಂಕಟವಾಗಬಹುದು. ಹೆಚ್ಚಾಗಿ ವೃದ್ಧರಲ್ಲಿ ಕಂಡುಬಂದಿದೆ. ವಯಸ್ಸೊಂದೇ ಅಡ್ಡಿಯಲ್ಲ, ಎಂಬತ್ತರವರೂ ನಿರಾಯಾಸವಾಗಿ ನುಂಗುತ್ತಾರೆ. 'ಅಜ್ಜನಿಗೆ ಊಟ ಮಾಡುವಾಗ ಕೆಮ್ಮು ಬರುತ್ತದೆಯೇ?' ಎಂಬ ಸಣ್ಣ ಪ್ರಶ್ನೆಗೆ ಮನೆಯವರು ಸರಿಯಾದ ಉತ್ತರ ಕೊಟ್ಟರೆ ಸಾಕು. ಅಂತಹವರಿಗೂ, ಬಹುಕಾಲದ ಸಕ್ಕರೆ ಕಾಯಿಲೆಯಿಂದ ಜಠರದ ಚಲನೆ ಮಂದವಾಗಿ ಕ್ಯಾಪ್ಸೂಲು ಜಠರದಲ್ಲಿಯೇ ಕಾಲ ಕಳೆಯುವ ಸಂಭವವಿರುವವರಿಗೂ, ಎಂಡೊಸ್ಕೋಪಿಯ ನಳಿಗೆಯ ತುದಿಗೆ ಕ್ಯಾಪ್ಸೂಲನ್ನು ಸಿಕ್ಕಿಸಿಕೊಂಡು ಹೋಗಿ ನೇರವಾಗಿ ಸಣ್ಣ ಕರುಳಿನ ಬಾಗಿಲಲ್ಲಿ ಬಿಟ್ಟುಬರುವ ಕ್ರಮವಿದೆ. ನುಂಗಲಾರದ ಮಕ್ಕಳಿಗೂ ಹೀಗೆಯೇ. ಅಮೆರಿಕದಲ್ಲಿ ೨೦೦೯ರಿಂದ ಎರಡು ವರ್ಷ ತುಂಬಿದ ಮಕ್ಕಳಿಗೂ ಇದಕ್ಕೆ ಅನುಮತಿಯಿದೆ.

ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರ ವಿಷಯದಲ್ಲಿ ಅಭಿಪ್ರಾಯ ಕಾಲಕ್ರಮದಲ್ಲಿ ಬದಲಾಗಿದೆ. ಕ್ಯಾಪ್ಸೂಲಿನ ರೇಡಿಯೋ ಅಲೆಗಳು ಪೇಸ್‌ಮೇಕರನ್ನು ಗೊಂದಲಗೊಳಿಸಬಹುದೆಂದು ತಯಾರಕರು ಆರಂಭದಲ್ಲಿ ನಿಷೇಧಿಸಿದ್ದರು. ಅನಂತರದ ಅಧ್ಯಯನಗಳಲ್ಲಿ ಅಂತಹ ಅಪಾಯ ಕಂಡುಬರಲಿಲ್ಲವಾದ್ದರಿಂದ ಯೂರೋಪಿನ ತಜ್ಞರ ಸಂಘವು ಇಂತಹವರಿಗೂ ಪರೀಕ್ಷೆ ಮಾಡಬಹುದೆಂದು ಹೇಳಿದೆ. ಆದರೂ ಹೇಳದೆ ಇರಬಾರದು. ಗರ್ಭಿಣಿಯರಲ್ಲಿ ಅನುಭವ ಸಾಲದಾದುದರಿಂದ, ತೀರ ಅನಿವಾರ್ಯವಲ್ಲದಿದ್ದರೆ, ಹೆರಿಗೆಯ ನಂತರಕ್ಕೆ ಮುಂದೂಡುವುದು ವಾಡಿಕೆ.

ಸಿದ್ಧತೆಯ ವಿಚಾರದಲ್ಲಿ ಒಂದು ಶಬ್ದದ ಬಗ್ಗೆ ಎಚ್ಚರ ಅಗತ್ಯ. ಪರೀಕ್ಷೆಗೆ ಮುಂಚೆ ಹತ್ತು ಹನ್ನೆರಡು ಗಂಟೆ ಉಪವಾಸವಿರಬೇಕು. ನಮ್ಮಲ್ಲಿ ಉಪವಾಸವೆಂದರೆ ಅನ್ನ ರೊಟ್ಟಿಗಳನ್ನು ಬಿಡುವುದು. ಹಾಲು, ಬಾಳೆಹಣ್ಣು, ಸಾಬುದಾನಿ, ಶೇಂಗಾ ನಡೆಯುತ್ತವೆ. ಶಿವರಾತ್ರಿಯ ಆ ಉಪವಾಸ ಇಲ್ಲಿ ನಡೆಯದು. ಕರುಳಿನಲ್ಲಿ ಒಂದು ತುಣುಕು ಹಣ್ಣು ಉಳಿದರೂ ಕ್ಯಾಮೆರಾಕ್ಕೆ ಅದು ಗೋಡೆಯಂತೆ ಅಡ್ಡ. 'ಉಪವಾಸ' ಎಂದು ಮಾತ್ರ ಬರೆಯದೆ 'ಘನ ಆಹಾರ, ಹಾಲು, ಹಣ್ಣು ಯಾವುದೂ ಕೂಡದು' ಎಂದು ಬಿಡಿಸಿ ಬರೆದೆವು. ಹಿಂದಿನ ದಿನ ತಿಳಿಯಾದ ದ್ರವಾಹಾರ, ಬಳಿಕ ಕರುಳನ್ನು ತೊಳೆಯುವ ಔಷಧವನ್ನು ಬೆರೆಸಿದ ನೀರು. ಕಬ್ಬಿಣಾಂಶದ ಗುಳಿಗೆಗಳು ಕರುಳಿನ ಒಳಗೋಡೆಗೆ ಕಪ್ಪು ಬಳಿಯುವುದರಿಂದ ಸಾಮಾನ್ಯವಾಗಿ ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಸಕ್ಕರೆ ಕಾಯಿಲೆಯವರು ಉಪವಾಸದ ದಿನ ಎಂದಿನಂತೆ ಇನ್ಸುಲಿನ್ ಚುಚ್ಚಿಸಿಕೊಂಡರೆ ಸಕ್ಕರೆ ಕುಸಿದು ಬವಳಿ ಬಂದೀತು. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ತಾವಾಗಿಯೇ ಅದನ್ನು ನಿಲ್ಲಿಸಿದರೆ ಹೃದಯಕ್ಕೆ ಕುತ್ತು. ಎರಡನ್ನೂ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಪರೀಕ್ಷೆಯ ದಿನ ಹೆಚ್ಚು ಕಷ್ಟವಿಲ್ಲ. ಕ್ಯಾಪ್ಸೂಲನ್ನು ಕಚ್ಚಬಾರದು, ಚೀಪಬಾರದು, ನೀರಿನೊಡನೆ ನುಂಗಬೇಕು. ಸುಮಾರು ಎರಡು ಗಂಟೆಯ ನಂತರ ತಿಳಿಯಾದ ದ್ರವ, ನಾಲ್ಕು ಗಂಟೆಯ ನಂತರ ಲಘು ಆಹಾರ ಸೇವಿಸಬಹುದು. ಓಡಾಡಬಹುದು, ಕುಳಿತು ಓದಬಹುದು. ಭಾರ ಎತ್ತುವುದು, ಬಗ್ಗಿ ದುಡಿಯುವುದು ಬೇಡ. ಹೊಟ್ಟೆನೋವು, ವಾಂತಿ, ಎದೆಯಲ್ಲಿ ಸಿಕ್ಕಿದಂತಾಗುವುದು ಕಂಡರೆ ಕೂಡಲೇ ಆಸ್ಪತ್ರೆಗೆ ತಿಳಿಸಬೇಕು.

ಈ ಸಾಧನದ ಮಿತಿಯನ್ನೂ ಹೇಳದಿದ್ದರೆ ವಿಷಯ ಅರ್ಧವಾದೀತು. ಕ್ಯಾಪ್ಸೂಲಿಗೆ ಕಣ್ಣುಂಟು, ಕೈಯಿಲ್ಲ. ಗಂತಿ ಕಂಡರೆ ಅದರ ಚೂರನ್ನು ಪರೀಕ್ಷೆಗೆ ಕಿತ್ತುಕೊಳ್ಳಲಾರದು. ರಕ್ತ ಸೋರುತ್ತಿದ್ದರೆ ನಿಲ್ಲಿಸಲಾರದು. ಸಂಶಯ ಬಂದಾಗ ನಿಂತು ಹಿಂದಿರುಗಿ ನೋಡಲಾರದು. ಆರಂಭದ ಭಾಗದಲ್ಲಿ ವೇಗವಾಗಿ ಜಾರಿಹೋಗುವುದರಿಂದ ಅಲ್ಲಿನ ದೋಷ ಕಣ್ತಪ್ಪಬಹುದು. ಬ್ಯಾಟರಿ ಮುಗಿಯುವುದರೊಳಗೆ ಸಣ್ಣ ಕರುಳಿನ ಕೊನೆಯನ್ನು ಮುಟ್ಟದೆ ಪರೀಕ್ಷೆ ಅಪೂರ್ಣವಾಗುವುದೂ ಉಂಟು. 'ಏನೂ ಕಾಣಲಿಲ್ಲ' ಎಂಬ ವರದಿಗೆ 'ಏನೂ ಇಲ್ಲ' ಎಂಬ ಅರ್ಥವನ್ನು ಹಚ್ಚಬಾರದು. ಪೂರ್ವಮೀಮಾಂಸೆಯಲ್ಲಿ ಅನುಪಲಬ್ಧಿಯನ್ನು ಕುರಿತು ನಡೆದ ಚರ್ಚೆ ಬಲ್ಲವರಿಗೆ ಈ ಭೇದ ಹೊಸದಲ್ಲ. ಕಾಣತಕ್ಕ ಸ್ಥಿತಿಯಲ್ಲಿದ್ದೂ ಕಾಣದಿದ್ದರೆ ಮಾತ್ರ ಅಭಾವ ಸಿದ್ಧಿಸುತ್ತದೆ.

ಪರೀಕ್ಷೆ ಮುಗಿದ ಮೇಲೆ ಪೆಟ್ಟಿಗೆಯನ್ನು ಆಸ್ಪತ್ರೆಗೆ ಹಿಂದಿರುಗಿಸುತ್ತಾರೆ. ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಬಹುಮಂದಿ ತಿಳಿಯುತ್ತಾರೆ. ಕ್ಯಾಪ್ಸೂಲು ಹೊರಬಿದ್ದುದನ್ನು ಕಣ್ಣಾರೆ ನೋಡುವವರೆಗೆ ಮುಗಿದಂತಲ್ಲ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮಲದೊಡನೆ ಹೋಗುತ್ತದೆ. ಸಂಕೋಚದಿಂದಲೋ ಜುಗುಪ್ಸೆಯಿಂದಲೋ ನೋಡದೆ ಬಿಟ್ಟವರು ಹಾಗೆಂದು ವೈದ್ಯರಿಗೆ ಹೇಳಬೇಕು. ಎರಡು ವಾರಗಳಾದರೂ ಹೋದುದು ಖಚಿತವಾಗದಿದ್ದರೆ ಹೊಟ್ಟೆಯ ಒಂದು ಎಕ್ಸ್-ರೇ ತೆಗೆದು ನೋಡುತ್ತಾರೆ. ಇದ್ದರೆ ಬಿಳಿಯಾಗಿ ಎದ್ದು ಕಾಣುತ್ತದೆ. ಅದು ಹೊರಬಿದ್ದುದು ಖಚಿತವ‌ಾಗುವವರೆಗೆ ಎಂ.ಆರ್.ಐ. ಯಂತ್ರದ ಹತ್ತಿರ ಸುಳಿಯಬಾರದು. ಆ ಯಂತ್ರದ ಪ್ರಬಲವಾದ ಆಯಸ್ಕಾಂತವು ಒಳಗಿರುವ ಕ್ಯಾಪ್ಸೂಲನ್ನು ಸೆಳೆದು ಕರುಳಿಗೆ ಗಾಯ ಮಾಡಬಲ್ಲದು. ತಿಂಗಳೊಪ್ಪತ್ತಿನಲ್ಲಿ ಬೆನ್ನುನೋವಿಗೆಂದು ಬೇರೊಂದು ಊರಿನಲ್ಲಿ ಎಂ.ಆರ್.ಐ. ಮಾಡಿಸುವ ಪ್ರಸಂಗ ಬಂದರೆ, ಅಲ್ಲಿನವರಿಗೆ ಕ್ಯಾಪ್ಸೂಲಿನ ವಿಷಯ ರೋಗಿಯ ಬಾಯಿಂದಲೇ ತಿಳಿಯಬೇಕು.

ಹೊರಬಿದ್ದ ಕ್ಯಾಪ್ಸೂಲನ್ನು ತೊಳೆದು ತಂದುಕೊಡಬೇಕೇ ಎಂದು ಕೆಲವರು ಕೇಳುತ್ತಾರಂತೆ. ಸಾಮಾನ್ಯವಾಗಿ ಬೇಕಿಲ್ಲ, ಅದು ಒಂದೇ ಬಾರಿಯ ಬಳಕೆಯದು, ಚಿತ್ರಗಳು ಪೆಟ್ಟಿಗೆಯಲ್ಲಿ ಆಗಲೇ ಸೇರಿವೆ. ಚಿತ್ರಗಳನ್ನು ತಮ್ಮೊಳಗೇ ಕೂಡಿಟ್ಟುಕೊಳ್ಳುವ ಇನ್ನೊಂದು ಜಾತಿಯ ಕ್ಯಾಪ್ಸೂಲುಗಳಿವೆ; ಅಂತಹವನ್ನು ಮಾತ್ರ ಹಿಡಿದಿಟ್ಟು ಆಸ್ಪತ್ರೆಗೆ ತಲಪಿಸಬೇಕಾಗುತ್ತದೆ. ತಾವು ನುಂಗುವುದು ಯಾವ ಜಾತಿಯದೆಂದು ನುಂಗುವ ಮುನ್ನವೇ ಕೇಳಿಕೊಳ್ಳುವುದು ಒಳ್ಳೆಯದು.